ಕಡ್ಡಿಗೆ ಪೋಣಿಸಿದ ಸಿಗಡಿ, ಜೊತೆಗೆ ಸಾತೇ ಸಾಸ್: ನನ್ನದು ಯಾಕೆ ರಬ್ಬರ್ ಆಯ್ತು?

ಬಾಲ್ಕನಿ_ಬಾಣಸಿಗ (ಬೆಂಗಳೂರು) · ಭಾನುವಾರ ರಾತ್ರಿ 10:52

ಎಲ್ರಿಗೂ ನಮಸ್ಕಾರ. ಮುಂದಿನ ಶನಿವಾರ ಮನೇಲಿ 22 ಜನ ಊಟಕ್ಕೆ ಬರ್ತಿದ್ದಾರೆ. ಊಟಕ್ಕೆ ಬಿರಿಯಾನಿ ಹೊರಗಿಂದ ತರಿಸ್ತೀನಿ, ಅದರ ಚಿಂತೆ ಇಲ್ಲ. ಸ್ಟಾರ್ಟರ್ ಮಾತ್ರ ನಾನೇ ಮಾಡ್ತೀನಿ ಅಂತ ಹೆಂಡತಿ ಮುಂದೆ ಜಂಬ ಕೊಚ್ಚಿಕೊಂಡಿದ್ದೀನಿ. ಬಿದಿರು ಕಡ್ಡಿಗೆ ಸಿಗಡಿ ಪೋಣಿಸಿ ಸುಟ್ಟು, ಪಕ್ಕದಲ್ಲಿ ಸಾತೇ ಸಾಸ್, ಅಂದ್ರೆ ಆ ಏಷ್ಯನ್ ಕಡ್ಲೆಬೀಜದ ಸಾಸ್ ಇಡೋಣ ಅಂತ ಪ್ಲಾನ್.

ಇವತ್ತು ಒಂದು ಟ್ರಯಲ್ ಮಾಡಿದೆ. ಸೋಯಾ ಸಾಸ್, ನಿಂಬೆರಸ, ಜೇನುತುಪ್ಪ, ಶುಂಠಿ ಬೆಳ್ಳುಳ್ಳಿ ಹಾಕಿ ಸಿಗಡೀನ ರಾತ್ರಿಯಿಡೀ ಫ್ರಿಜ್ಜಲ್ಲಿ ನೆನೆಸಿಟ್ಟಿದ್ದೆ. ತವಾ ಮೇಲೆ ಹಾಕಿದ ಎರಡೇ ನಿಮಿಷಕ್ಕೆ ಹೊರಗೆಲ್ಲ ಕಪ್ಪು, ಮನೆ ತುಂಬ ಹೊಗೆ, ಕಡ್ಡಿ ತುದಿಗೆ ಬೆಂಕಿ. ಒಳಗೆ ಬೆಂದಿಲ್ಲವೇನೋ ಅಂತ ಇನ್ನೂ ಸ್ವಲ್ಪ ಬಿಟ್ಟೆ. ಮಗ ಒಂದು ಕಚ್ಚಿ "ಪಪ್ಪಾ, ಎರೇಸರ್" ಅಂದ. ಸಾಸ್‌ಗೆ ಬಾಟಲಿ ಪೀನಟ್ ಬಟರ್ ಹಾಕಿದ್ದೆ, ಅದು ಅಂಗುಳಕ್ಕೆ ಅಂಟಿಕೊಂಡು ಬರಲೇ ಇಲ್ಲ. ಎಲ್ಲಿ ತಪ್ಪಿದೆ ಹೇಳಿ.

ಧಕ್ಕೆ_ಹುಡುಗ (ಮಂಗಳೂರು) · ರಾತ್ರಿ 11:05

ಯಾವ ಸಿಗಡಿ, ಎಷ್ಟು ದೊಡ್ಡದು, ಒಟ್ಟು ಎಷ್ಟು ಹೊತ್ತು ಬೇಯಿಸಿದ್ದು? ಅದು ಹೇಳದೆ ಎಂತ ಹೇಳುದು ಮಾರಾಯ್ರೆ.

ಬಾಲ್ಕನಿ_ಬಾಣಸಿಗ · ರಾತ್ರಿ 11:09

ಫ್ರೋಜನ್ ವನಾಮಿ, ಸಿಪ್ಪೆ ತೆಗೆದದ್ದು. ಒಂದೊಂದು ಬದಿ ನಾಲ್ಕು ನಿಮಿಷ. ಒಟ್ಟು ಎಂಟು.

ಧಕ್ಕೆ_ಹುಡುಗ · ರಾತ್ರಿ 11:11

ಎಂಟು ನಿಮಿಷಕ್ಕೆ ಕೋಳಿ ಬೇಯ್ತದೆ.

ಕಡಲಾಚೆ_ಕನ್ನಡತಿ (ಸಿಂಗಪುರ) · ಸೋಮವಾರ ಬೆಳಿಗ್ಗೆ 7:20

ನಗಬೇಡಿ ಪಾಪ, ಎಲ್ಲರೂ ಮೊದಲ ಸಲ ಮಾಡೋದೇ ಹೀಗೆ. ನಾನೂ ಇಲ್ಲಿಗೆ ಬಂದ ಹೊಸದರಲ್ಲಿ ಎರಡು ಕಿಲೋ ಹಾಳು ಮಾಡಿದ್ದೀನಿ.

ನಿಮ್ಮ ಮೊದಲ ತಪ್ಪು ನಿಂಬೆರಸ. ಹುಳಿ ಬಿದ್ದ ಸಿಗಡಿ ಒಲೆ ಕಾಣೋ ಮುಂಚೆಯೇ ಬೆಂದ ಹಾಗೆ ಬಿಳಿಚಿಕೊಂಡು ಬಿಗಿಯಾಗುತ್ತೆ. ರಾತ್ರಿಯಿಡೀ ಇಟ್ಟರೆ ಕೇಳಬೇಕಾ? ನಿಂಬೆ ಹಿಂಡೋದು ತಟ್ಟೆಗೆ ಬಂದ ಮೇಲೆ. ಎರಡನೇದು ಜೇನು. ಸಕ್ಕರೆ ಅಂಶ ಇರೋದನ್ನ ಮೊದಲೇ ಬಳಿದು ಕಾದ ಕಬ್ಬಿಣದ ಮೇಲಿಟ್ಟರೆ ಸಿಗಡಿ ಬೇಯೋ ಮುಂಚೆ ಸಕ್ಕರೆ ಸೀದು ಹೋಗುತ್ತೆ. ನೀವು ನೋಡಿದ ಕಪ್ಪು ಬಣ್ಣ ಸಿಗಡೀದಲ್ಲ, ಜೇನಿಂದು. ಆ ಕಪ್ಪಿಗೆ ಮೋಸ ಹೋಗಿ ಲೆಕ್ಕ ತಪ್ಪಿದ್ದೀರಿ.

ನಾನು ಮಾಡೋದು ಹೀಗೆ. ಸಿಪ್ಪೆ ತೆಗೆದ ಅರ್ಧ ಕಿಲೋ ಸಿಗಡಿಗೆ ಅರ್ಧ ಟೀ ಚಮಚ ಉಪ್ಪು, ಕಾಲು ಟೀ ಚಮಚ ಅಡುಗೆ ಸೋಡಾ. ಕಲಸಿ 15 ನಿಮಿಷ ಫ್ರಿಜ್ಜಲ್ಲಿ ಇಡಿ, ಅಷ್ಟೇ. ಚೀನೀ ಅಡುಗೆಯವರ ಹಳೇ ಉಪಾಯ ಇದು, ಕಚ್ಚಿದರೆ ಗರಿಗರಿ ಅಲ್ಲದಿದ್ದರೂ ಪಟ್ ಅನ್ನೋ ಹಾಗಿರುತ್ತೆ. ಆಮೇಲೆ ಬಟ್ಟೆಯಲ್ಲಿ ಒತ್ತಿ ಪೂರ್ತಿ ಒಣಗಿಸಬೇಕು. ಒದ್ದೆ ಸಿಗಡಿ ತವಾ ಮೇಲೆ ಸುಡೋದಿಲ್ಲ, ಬೇಯುತ್ತೆ. ಒಂದು ಬದಿ ಒಂದೂವರೆ ನಿಮಿಷ, ಇನ್ನೊಂದು ಬದಿ ಒಂದು ನಿಮಿಷ. ಇಂಗ್ಲಿಷಿನ ಸಿ ಅಕ್ಷರದ ಹಾಗೆ ಬಾಗಿದರೆ ತೆಗೀಬೇಕು. ಉಂಗುರದ ಹಾಗೆ ಸುತ್ತಿಕೊಂಡರೆ ನಿಮ್ಮ ಮಗ ಹೇಳಿದ್ದೇ ಸರಿ.

ಸಾಸ್ ಬಗ್ಗೆ ಸಂಜೆ ಬರೀತೀನಿ, ಅದು ದೊಡ್ಡ ಕಥೆ.

ಗಿರ್ಮಿಟ್_ಗೆಳೆಯ (ಹುಬ್ಬಳ್ಳಿ) · ಬೆಳಿಗ್ಗೆ 8:02

ಏಷ್ಯನ್ ಸಾಸ್ ಅಂದ್ರ ಏನ್ರೀ? ನಾವೇನ್ ಆಫ್ರಿಕಾದಾಗ ಅದೀವೇನು? ನಮ್ಮ ಶೇಂಗಾ ಚಟ್ನಿನೂ ಏಷ್ಯನ್ನೇ ಆತಲ್ರೀ.

ಧಕ್ಕೆ_ಹುಡುಗ · ಬೆಳಿಗ್ಗೆ 8:10

ಹೋಟೆಲ್ ಮೆನುವಲ್ಲಿ ಹಾಗೆ ಬರೆದ್ರೆ 150 ರೂಪಾಯಿ ಹೆಚ್ಚು ತೆಗೊಳ್ಬಹುದು, ಅದಕ್ಕೆ.

ಕಡ್ಡಿ ವಿಷಯಕ್ಕೆ ಬರುವ. ಬಿದಿರು ಕಡ್ಡಿ ಅರ್ಧ ಗಂಟೆ ನೀರಲ್ಲಿ ನೆನೆಸಿ ಅಂತ ಎಲ್ಲರೂ ಹೇಳ್ತಾರೆ. ನೆನೆಸಿ, ಬೇಡ ಅಂತಲ್ಲ. ಆದ್ರೆ ಕೆಂಡದ ಮೇಲೆ ಬರೀ ತುದಿ ಎರಡು ನಿಮಿಷದಲ್ಲಿ ಒಣಗಿ ಮತ್ತೆ ಹೊತ್ತಿಕೊಳ್ತದೆ. ಕಡ್ಡಿಯ ಹಿಡಿಕೆ ಬೆಂಕಿಯಿಂದ ಹೊರಗೆ ಇರ್ಬೇಕು, ಅದೇ ಮದ್ದು. ಸಾತೇ, ಅಂದ್ರೆ ಕಡ್ಡಿಗೆ ಪೋಣಿಸಿದ ಮಾಂಸ, ಸುಡುವವರ ಒಲೆ ನೋಡಿದ್ದೀರಾ? ಉದ್ದ, ಅಗಲ ಕಮ್ಮಿ, ತೊಟ್ಟಿಯ ಹಾಗೆ ಉಂಟು. ಮಾಂಸ ಮಾತ್ರ ಕೆಂಡದ ಮೇಲೆ, ಕಡ್ಡಿ ಹೊರಗೆ.

ಇನ್ನು ತವಾದಲ್ಲಿ ಮಾಡುವವರಿಗೆ ಒಂದು ಮಾತು. ಅಂಚು ಇರುವ ತವಾದಲ್ಲಿ ಉದ್ದದ ಕಡ್ಡಿ ಇಟ್ರೆ ಕಡ್ಡಿ ಅಂಚಿನ ಮೇಲೆ ಕೂತು ಸಿಗಡಿ ಅರ್ಧ ಇಂಚು ಮೇಲೆ ತೇಲ್ತದೆ. ತಳಕ್ಕೆ ತಾಗುದೇ ಇಲ್ಲ. ನಿಮ್ಮದು ಒಳಗೆ ಬೇಯ್ಲಿಲ್ಲ ಅಂತ ಅನಿಸಿದ್ದು ಇದಕ್ಕೂ ಇರ್ಬಹುದು. ಅಂಚಿಲ್ಲದ ದೋಸೆ ಕಾವಲಿ ತೆಗೊಳ್ಳಿ, ಇಲ್ಲಾಂದ್ರೆ ಕಡ್ಡಿಯನ್ನು ಮೊದಲೇ ಕತ್ತರಿಸಿ ಗಿಡ್ಡ ಮಾಡಿ.

ಬಾಲ್ಕನಿ_ಬಾಣಸಿಗ · ಬೆಳಿಗ್ಗೆ 9:30

ಅಯ್ಯೋ, ಹೌದು! ಕಡ್ಡಿ ಅಂಚಿಗೆ ಒರಗಿತ್ತು. ನಾನು ಸೌಟಲ್ಲಿ ಒತ್ತಿ ಒತ್ತಿ ಹಿಡೀತಿದ್ದೆ. ಇದ್ದಿಲು ಒಲೆ ಬಾಲ್ಕನೀಲಿ ಇಡಬಹುದಾ? ನಮ್ಮ ಅಪಾರ್ಟ್‌ಮೆಂಟ್ ಸಂಘದವರು ಒಪ್ಪಲ್ಲ ಅಂತ ಕಾಣುತ್ತೆ.

ಧಕ್ಕೆ_ಹುಡುಗ · ಬೆಳಿಗ್ಗೆ 9:34

ಬೇಡ. ಮುಚ್ಚಿದ ಬಾಲ್ಕನಿ ಆದ್ರೆ ಇದ್ದಿಲ ಹೊಗೆ ಜೀವಕ್ಕೇ ಅಪಾಯ. ಕಾವಲಿ ಸಾಕು.

ಕೋಡಿ_ಅಕ್ಕ (ಕುಂದಾಪುರ) · ಮಧ್ಯಾಹ್ನ 1:15

ಹ್ವಾಯ್, 22 ಜನಕ್ಕೆ ಲೆಕ್ಕ ಹಾಕಿದ್ರ್ಯಾ? ಒಬ್ಬರಿಗೆ ಎರಡ್ ಕಡ್ಡಿ, ಕಡ್ಡಿಗೆ ಮೂರ್ ಚಟ್ಲಿ (ಸಿಗಡಿ) ಅಂದ್ರೂ 132 ಆಯ್ತ್. ಕಿಲೋಕ್ಕೆ 40 ಬಪ್ಪು ಚಟ್ಲಿ ಆರೆ ಮೂರು ಕಿಲೋ ಮೇಲೆಯೇ ಬೇಕ್. ಮಗಾ, ಅಷ್ಟ್ ದುಡ್ಡ್ ಇತ್ತಾ?

ನನ್ ಮಾತ್ ಕೇಣಿ. ಕಡ್ಡಿಗೆ ಎರಡೇ ಚಟ್ಲಿ ಹಾಕಿ, ನಡುಗೆ ಒಂದ್ ಬೊಂಡಾಸಿನ (ಸ್ಕ್ವಿಡ್) ತುಂಡ್ ಹಾಕಿ. ಕಾಂಬುಕೂ ಚಂದ, ಖರ್ಚೂ ಕಮ್ಮಿ. ಮತ್ತೆ ಮೂರ್ ತಿಂಗಳ ಹಿಂದಿನ ಐಸಿನ ಮೀನ್ ತಕಂಬುಕೆ ಹೋಪ್ದ್ ಬ್ಯಾಡ.

ಕುಮಟೆ_ಕಡೆಯವ · ಮಧ್ಯಾಹ್ನ 1:40

ಅಕ್ಕ ಹೇಳಿದ್ದು ಸರಿ, ಒಂದೇ ತೊಡಕು. ಸಿಗಡಿ ಬೇಯೋ ಹೊತ್ತು ಬೇರೆ, ಬೊಂಡಾಸ ಬೇಯೋ ಹೊತ್ತು ಬೇರೆ. ಬೊಂಡಾಸ ಒಂದೋ ಎರಡು ನಿಮಿಷದೊಳಗೆ ತೆಗೀಬೇಕು, ಇಲ್ಲಾ ಅರ್ಧ ಗಂಟೆ ಮೇಲೆ ಬೇಯಿಸಬೇಕು. ನಡುವೆ ಎಲ್ಲಿ ನಿಲ್ಲಿಸಿದರೂ ಚಪ್ಪಲಿ. ಅದಕ್ಕೆ ಬೇರೆ ಬೇರೆ ಕಡ್ಡಿ ಮಾಡಿ. ಬೊಂಡಾಸ ಸೀಳಿ ಹಾಸಿ, ಒಳಮೈಗೆ ಚಾಕುವಿನಿಂದ ಅಡ್ಡಡ್ಡ ಗೀರು ಹಾಕಿ, ಪೂರ್ತಿ ಕತ್ತರಿಸಬೇಡಿ. ಕಾವಲಿ ಮೇಲೆ ಬಿದ್ದ ಕೂಡಲೇ ಸುರುಳಿ ಸುತ್ತಿಕೊಂಡು ಅನಾನಸ್ ಸಿಪ್ಪೆ ಥರ ಚೌಕ ಚೌಕ ಅರಳ್ತದೆ. ಸಾಸ್ ಆ ಗೀರುಗಳಲ್ಲಿ ನಿಲ್ತದೆ.

ಅನಾನಸ್ ಅಂದಾಗ ನೆನಪಾಯ್ತು. ಚಂದ ಕಾಣುತ್ತೆ ಅಂತ ಹಸಿ ಅನಾನಸ್ ತುಂಡನ್ನು ಸಿಗಡಿ ಪಕ್ಕ ಪೋಣಿಸಿ ಫ್ರಿಜ್ಜಲ್ಲಿ ಇಡಬೇಡಿ. ಅದರ ರಸ ಸಿಗಡೀನ ಹಿಟ್ಟು ಹಿಟ್ಟು ಮಾಡಿಬಿಡ್ತದೆ. ಪಪ್ಪಾಯಿ ಕಾಯಿದೂ ಅದೇ ಗುಣ. ಪೋಣಿಸಿದ ಕೂಡಲೇ ಸುಡೋದಾದರೆ ಅಡ್ಡಿಲ್ಲ.

ಕಡಲಾಚೆ_ಕನ್ನಡತಿ · ಸಂಜೆ 6:45

ಸರಿ, ಸಾಸ್ ಕಥೆ. ಇಲ್ಲಿ ಲಾವ್ ಪಾ ಸಾತ್ ಅಂತ ಹಳೇ ಮಾರುಕಟ್ಟೆ ಇದೆ. ಸಂಜೆ ಆದರೆ ಪಕ್ಕದ ಬೂನ್ ಟ್ಯಾಟ್ ಬೀದೀಲಿ ವಾಹನ ನಿಲ್ಲಿಸಿ ಸಾತೇ ಅಂಗಡಿಗಳು ಸಾಲಾಗಿ ಒಲೆ ಹಚ್ಚುತ್ತವೆ. ಕೋಳಿ, ಕುರಿ, ಸಿಗಡಿ ಎಲ್ಲ ಸಿಗುತ್ತೆ. ತಟ್ಟೇಲಿ ಸೌತೆಕಾಯಿ, ಹಸಿ ಈರುಳ್ಳಿ, ಪಕ್ಕದಲ್ಲಿ ಬಟ್ಟಲು ತುಂಬ ಕಡ್ಲೆಬೀಜದ ಸಾಸ್. ಅದನ್ನ ಮೊದಲ ಸಲ ನೆಕ್ಕಿದಾಗ ನನಗೆ ಅನಿಸಿದ್ದು ಇದು ನಮ್ಮ ಮಸಾಲೆ ರುಬ್ಬೋ ಪದ್ಧತಿಯೇ ಅಂತ. ಹುಣಸೆ, ಬೆಲ್ಲ, ಒಣಮೆಣಸು, ಕೊತ್ತಂಬರಿ ಬೀಜ, ಕಾಯಿಹಾಲು. ಪೀನಟ್ ಬಟರ್ ಅದರ ಹತ್ತಿರವೂ ಸುಳಿಯಲ್ಲ.

150 ಗ್ರಾಂ ಕಡ್ಲೆಬೀಜ ಸಣ್ಣ ಉರೀಲಿ ಹುರಿದು ಸಿಪ್ಪೆ ಉಜ್ಜಿ ತರಿತರಿ ಪುಡಿ ಮಾಡಿ. ತೀರಾ ನುಣ್ಣಗೆ ಮಾಡಿದ್ರೋ, ಮತ್ತೆ ಅಂಗುಳಕ್ಕೆ ಅಂಟುತ್ತೆ. ಎಂಟು ಬ್ಯಾಡಗಿ ನೆನೆಸಿ, ಹತ್ತು ಸಾಂಬಾರ್ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಒಂದು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ಎರಡು ಮಜ್ಜಿಗೆ ಹುಲ್ಲಿನ (ಲೆಮನ್ ಗ್ರಾಸ್) ಬುಡದ ಬಿಳಿ ಭಾಗ ಸೇರಿಸಿ ರುಬ್ಬಿಕೊಳ್ಳಿ. ಎಣ್ಣೆ ಧಾರಾಳವಾಗಿ ಹಾಕಿ ಈ ಮಸಾಲೆ ಹುರೀಬೇಕು. ಎಣ್ಣೆ ಬಿಟ್ಟು ಅಂಚಲ್ಲಿ ಕೆಂಪಗೆ ನಿಲ್ಲೋವರೆಗೂ ಒಲೆ ಬಿಟ್ಟು ಅಲ್ಲಾಡಬೇಡಿ. ಮಲಯ್ ಅಡುಗೆಯವರು ಇದಕ್ಕೆ ಎಣ್ಣೆ ಒಡೆಯೋದು ಅಂತಾರೆ. ಸಾಸ್‌ನ ಜೀವ ಇರೋದು ಇಲ್ಲೇ. ಇಲ್ಲಿ ಅವಸರ ಮಾಡಿದರೆ ಹಸಿ ವಾಸನೆ ಕೊನೆವರೆಗೂ ಹೋಗಲ್ಲ.

ಆಮೇಲೆ 200 ಮಿಲಿ ಕಾಯಿಹಾಲು, ಸಣ್ಣ ನಿಂಬೆ ಗಾತ್ರದ ಹುಣಸೆ ಕಿವುಚಿದ ರಸ, ಎರಡು ದೊಡ್ಡ ಚಮಚ ಬೆಲ್ಲ, ಒಂದೂವರೆ ಚಮಚ ಸೋಯಾ ಸಾಸ್, ಕಡ್ಲೆಬೀಜದ ಪುಡಿ. ಸಣ್ಣಗೆ ಕುದೀಲಿ. ತಣ್ಣಗಾದ ಮೇಲೆ ಗಟ್ಟಿಯಾಗುತ್ತೆ, ಬಡಿಸೋ ಮುಂಚೆ ಬಿಸಿನೀರು ಬೆರೆಸಿಕೊಳ್ಳಿ. ಉಪ್ಪು ಕೊನೆಗೆ, ಸೋಯಾದಲ್ಲೇ ಬೇಕಾದಷ್ಟಿರುತ್ತೆ.

ಸಿಗಡಿಗೆ ಮೇಲಿಂದ ಬಳಿಯೋಕೆ ಬೇರೆ. ಇಂಡೋನೇಷ್ಯಾದಲ್ಲಿ ಕೆಚಾಪ್ ಮಾನಿಸ್ ಅಂತ ಸಿಹಿ, ದಪ್ಪ ಸೋಯಾ ಇದೆ, ತಾಳೆ ಬೆಲ್ಲ ಹಾಕಿ ಮಾಡಿದ್ದು. ಸಿಗದಿದ್ದರೆ 100 ಮಿಲಿ ಸೋಯಾಗೆ 100 ಗ್ರಾಂ ಬೆಲ್ಲ, ಒಂದು ಚಕ್ರಮೊಗ್ಗು ಹಾಕಿ ಪಾಕದ ಹಾಗೆ ಕುದಿಸಿ. ಇದನ್ನ ಸಿಗಡಿ ಮುಕ್ಕಾಲು ಬೆಂದ ಮೇಲೆ, ಕೊನೇ ಅರ್ಧ ನಿಮಿಷಕ್ಕೆ ಬ್ರಶ್ಶಲ್ಲಿ ಬಳೀಬೇಕು. ಅದಕ್ಕಿಂತ ಮುಂಚೆ ಬೇಡವೇ ಬೇಡ.

ಧಕ್ಕೆ_ಹುಡುಗ · ಸಂಜೆ 7:02

ಬೆಲ್ಲಕ್ಕೆ ನಮ್ಮ ಕಡೆಯ ಓಲೆ ಬೆಲ್ಲ (ತಾಳೆ ಬೆಲ್ಲ) ಹಾಕಿ ನೋಡಿ. ಕಬ್ಬಿನ ಬೆಲ್ಲಕ್ಕಿಂತ ಆ ಹೊಗೆ ಹೊಗೆ ಪರಿಮಳ ಇದಕ್ಕೆ ಸರಿ ಹೊಂದ್ತದೆ.

ಗಿರ್ಮಿಟ್_ಗೆಳೆಯ · ಸಂಜೆ 7:30

ನಾ ಮೀನು ತಿನ್ನೂದಿಲ್ಲ, ಆದ್ರ ಶೇಂಗಾ ವಿಷಯಕ್ಕ ಸುಮ್ಮ ಕೂಡಾಂವಲ್ಲ. ಶೇಂಗಾ ಬರೀ ಬಾಣಲ್ಯಾಗ ಹುರದ್ರ ಹೊರಗ ಸೀದು ಒಳಗ ಹಸಿ ಉಳೀತದ. ದಪ್ಪ ಉಪ್ಪು ಬಿಸಿ ಮಾಡಿ ಅದರಾಗ ಹುರೀರಿ, ಆಮ್ಯಾಲೆ ಜರಡಿ ಹಿಡೀರಿ. ಪೂರ್ತಿ ಆರಿದ ಮ್ಯಾಲನ ಪುಡಿ ಮಾಡ್ರಿ, ಬಿಸಿ ಇದ್ದಾಗ ಮಿಕ್ಸರ್‌ಗೆ ಹಾಕಿದ್ರ ಎಣ್ಣಿ ಬಿಟ್ಟು ಮುದ್ದಿ ಆಗತದ. ಮತ್ತ ಆ ಸಾಸ್ ಒಳಗ ಮೀನಿಂದು ಏನೂ ಇಲ್ಲಲ್ಲ? ಹಂಗಿದ್ರ ನಾ ರೊಟ್ಟಿ ಜೋಡಿ ತಿಂತೀನಿ.

ಕಡಲಾಚೆ_ಕನ್ನಡತಿ · ಸಂಜೆ 7:41

ನಾನು ಹೇಳಿದ್ದರಲ್ಲಿ ಇಲ್ಲ. ಇಲ್ಲಿನ ಎಷ್ಟೋ ಅಡುಗೆಗೆ ಬೆಲಚಾನ್ ಅಂತ ಕೊಳೆಸಿದ ಸಿಗಡಿ ಮುದ್ದೆ ಹಾಕ್ತಾರೆ, ಹೊರಗೆ ತಿನ್ನೋವಾಗ ಕೇಳಿಕೊಂಡೇ ತಿನ್ನಿ.

ವಾರ್ಡ್_ನೈಟ್_ಡ್ಯೂಟಿ (ಮೈಸೂರು) · ರಾತ್ರಿ 9:10

ಮಧ್ಯೆ ಬಾಯಿ ಹಾಕ್ತಿದ್ದೀನಿ ಅನ್ಕೋಬೇಡಿ. ಸಿಗಡಿ, ಕಡ್ಲೆಬೀಜ, ಸೋಯಾ: ಅಲರ್ಜಿ ತರೋ ಮುಖ್ಯ ಪದಾರ್ಥಗಳಲ್ಲಿ ಮೂರು ಒಂದೇ ತಟ್ಟೇಲಿ ಇಡ್ತಿದ್ದೀರಿ. ಸಾಮಾನ್ಯ ಸೋಯಾ ಸಾಸ್‌ನಲ್ಲಿ ಗೋಧಿಯೂ ಇರುತ್ತೆ. 22 ಜನಕ್ಕೂ ಒಂದು ಮೆಸೇಜ್ ಹಾಕಿ ಕೇಳಿಬಿಡಿ, ಮಕ್ಕಳು ಬರ್ತಿದ್ದರೆ ಕಡ್ಡಾಯವಾಗಿ. ಹಸಿ ಸಿಗಡಿ ನೆನೆಸಿದ ರಸವನ್ನ ಸಾಸ್‌ಗೆ ಸುರೀಬೇಡಿ. ಹಸಿ ಸಿಗಡಿಗೆ ತಾಗಿಸಿದ ಬ್ರಶ್ಶನ್ನ ಬೆಂದದ್ದಕ್ಕೆ ತಾಗಿಸಬೇಡಿ.

ಬಾಲ್ಕನಿ_ಬಾಣಸಿಗ · ರಾತ್ರಿ 9:48

ಕೇಳಿದೆ. ಒಬ್ಬರಿಗೆ ಕಡ್ಲೆಬೀಜ ಆಗಲ್ಲವಂತೆ. ಒಳ್ಳೇದಾಯ್ತು ಹೇಳಿದ್ದು. ಅವರಿಗೆ ಬೇರೆ ಸಾಸ್ ಏನಾದ್ರೂ?

ಕಡಲಾಚೆ_ಕನ್ನಡತಿ · ರಾತ್ರಿ 10:05

ಥಾಯ್‌ಲ್ಯಾಂಡಿನವರ ಹಸಿರು ಸಾಸ್ ಮಾಡಿ, ಒಲೆಯೇ ಬೇಡ. ಬೆಂಗಳೂರಲ್ಲಿ ಕೊತ್ತಂಬರಿ ಕಟ್ಟು ಬೇರಿನ ಸಮೇತ ಸಿಗುತ್ತಲ್ಲ, ನಾವು ಕತ್ತರಿಸಿ ಬಿಸಾಡೋ ಆ ಬೇರೇ ಇದರ ರಾಜ. ನಾಲ್ಕು ಬೇರು ಚೆನ್ನಾಗಿ ಮಣ್ಣು ತೊಳೆದು, ಆರು ಹಸಿಮೆಣಸು, ಆರು ಬೆಳ್ಳುಳ್ಳಿ ಜೊತೆ ಕುಟ್ಟಾಣೀಲಿ ಕುಟ್ಟಿ. ಮೂರು ಚಮಚ ನಿಂಬೆರಸ, ಮೂರು ಚಮಚ ಫಿಶ್ ಸಾಸ್, ಎರಡು ಚಮಚ ಬೆಲ್ಲ. ಬಾಟಲಿ ಮುಚ್ಚಳ ತೆಗೆದಾಗ ಫಿಶ್ ಸಾಸ್ ವಾಸನೆಗೆ ಹೆದರಬೇಡಿ, ಒಣಮೀನು ತಿಂದು ಬೆಳೆದವರು ಹೆದರೋ ಹಾಗೇ ಇಲ್ಲ. ಸೂಜಿ ಮೆಣಸು ಸಿಕ್ಕಿದರೆ ಎರಡೇ ಹಾಕಿ.

ನನ್ನ ಅಭಿಪ್ರಾಯ ಕೇಳಿದರೆ ಸಿಗಡಿಗೆ ಕಡ್ಲೆಬೀಜದ ಸಾಸ್‌ಗಿಂತ ಇದೇ ಮೇಲು. ಕಡ್ಲೆಬೀಜ ಕೋಳಿಗೆ ಸರಿ, ಸಿಗಡಿ ಸಿಹಿಯನ್ನ ಅದು ಮುಚ್ಚಿಬಿಡುತ್ತೆ. ಜಗಳಕ್ಕೆ ಬನ್ನಿ.

ಧಕ್ಕೆ_ಹುಡುಗ · ರಾತ್ರಿ 10:08

ಜಗಳ ಇಲ್ಲ. ಒಪ್ಪಿದೆ.

ಕಬ್ಬಿನ_ಗದ್ದೆ (ಮಂಡ್ಯ) · ಮಂಗಳವಾರ ಬೆಳಿಗ್ಗೆ 6:30

ವಿಯೆಟ್ನಾಂನಲ್ಲಿ ಸಿಗಡಿ ಅರೆದು ಕಬ್ಬಿನ ತುಂಡಿಗೆ ಮೆತ್ತಿ ಸುಡ್ತಾರೆ, ಹೆಸರು ಚಾವ್ ಟೋಮ್. ಹುಯೆ ಅನ್ನೋ ಹಳೇ ರಾಜಧಾನಿ ಕಡೆ ಹೆಸರಾದ ತಿಂಡಿಯಂತೆ. ಸಿಗಡಿ ತಿಂದಾದ ಮೇಲೆ ಕಡ್ಡೀನೇ ಜಗಿದು ರಸ ಹೀರ್ಬೋದು. ಕಬ್ಬು ನಮ್ದು, ಸಿಗಡಿ ನಿಮ್ದು, ಯಾವಾಗ ಬರ್ಲಿ?

ಕೋಡಿ_ಅಕ್ಕ · ಬೆಳಿಗ್ಗೆ 11:20

ಮೆತ್ತುದಾರೆ ಮೀನ್ ಮೆತ್ತಿ. ನನ್ ಮಗಳ್ ಬಾಲಿಗ್ ಹೋಯಿ ಬಂದ್ ಹೇಳಿದ್ಳ್, ಅಲ್ಲಿ ಮೀನ್ ಅರ್ದ್, ಕಾಯಿ ತುರಿ ಹಾಕಿ, ಮಜ್ಜಿಗೆ ಹುಲ್ಲಿನ ಕಡ್ಡಿಗೇ ಸುತ್ತಿ ಸುಡ್ತ್ರ್ ಅಂಬ್ರ್.

ಕಡಲಾಚೆ_ಕನ್ನಡತಿ · ಬೆಳಿಗ್ಗೆ 11:52

ಅಕ್ಕಾ, ಅದೇ ಸಾತೇ ಲಿಲಿತ್! ಲಿಲಿತ್ ಅಂದ್ರೆ ಸುತ್ತೋದು. ನನಗೆ ಹೊಳೆದೇ ಇರಲಿಲ್ಲ, 22 ಜನಕ್ಕೆ ಇದಕ್ಕಿಂತ ಒಳ್ಳೇದಿಲ್ಲ. ಅರ್ಧ ಕಿಲೋ ಮುಳ್ಳು ತೆಗೆದ ಮೀನಿಗೆ 100 ಗ್ರಾಂ ಕಾಯಿತುರಿ ಸೇರುತ್ತೆ, 20 ಕಡ್ಡಿ ಬರುತ್ತೆ. ಅಂಜಲ್ ದುಬಾರಿ ಆದರೆ ಬಂಗುಡೆ ಸಾಕು. ಮಸಾಲೆ: ಸಾಂಬಾರ್ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಹಸಿ ಅರಿಸಿನ, ಕೆಂಪು ಮೆಣಸು, ಕೊತ್ತಂಬರಿ ಬೀಜ ರುಬ್ಬಿ, ಹುರಿದು, ಆರಿಸಿ ಬೆರೆಸಬೇಕು. ಅವರು ಒಂದು ಬಗೆ ನಿಂಬೆ ಎಲೆ ಹೆಚ್ಚಿ ಹಾಕ್ತಾರೆ, ಮಲೆನಾಡಿನ ಗಜನಿಂಬೆ ಎಲೆ ಹತ್ತಿರ ಬರುತ್ತೆ.

ಅಂಟು ಬರಬೇಕಾದರೆ ಮೀನು ತಣ್ಣಗೇ ಇರಬೇಕು, ಉಪ್ಪು ಮೊದಲು ಬೀಳಬೇಕು. ಉಪ್ಪು ಹಾಕಿ ಒಂದೇ ದಿಕ್ಕಿಗೆ ಐದು ನಿಮಿಷ ಕಲಸಿ, ಬೆರಳಿಗೆ ಹಿಡಿದುಕೊಳ್ಳುತ್ತೆ. ಆಮೇಲೆ ಕಾಯಿ. ಕೈಗೆ ನೀರು ಹಚ್ಚಿಕೊಂಡು ಮಜ್ಜಿಗೆ ಹುಲ್ಲಿನ ದಪ್ಪ ಬುಡಕ್ಕೆ ಮೆತ್ತಿ. ಕಡ್ಡಿಯೇ ಒಳಗಿಂದ ಪರಿಮಳ ಕೊಡುತ್ತೆ.

ಕುಮಟೆ_ಕಡೆಯವ · ಮಧ್ಯಾಹ್ನ 12:15

ಇದು ಬೆಸ್ಟ್. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳೀಲಿ ಟ್ರಾಲರ್ ಬೋಟು ಇಳಿಯೋದಿಲ್ಲ, ಆಗಲೂ ಸಣ್ಣ ದೋಣಿಯ ಮೀನಲ್ಲೇ ಮಾಡಬಹುದು. ಬಂಗುಡೆ ಚರ್ಮ ತೆಗೆದು, ನಡುವಿನ ಕೆಂಪು ಮಾಂಸ ಸ್ವಲ್ಪ ಬಿಡಿ, ವಾಸನೆ ಕಮ್ಮಿ ಆಗ್ತದೆ.

ಬಾಲ್ಕನಿ_ಬಾಣಸಿಗ · ಭಾನುವಾರ ಬೆಳಿಗ್ಗೆ 11:30

ಮುಗೀತು! ನಿನ್ನೆ ನಡೆದದ್ದು ಹೇಳ್ತೀನಿ.

ಶುಕ್ರವಾರ ಬೆಳಿಗ್ಗೆ ರಸೆಲ್ ಮಾರ್ಕೆಟ್‌ಗೆ ಹೋಗಿ ಒಂದೂವರೆ ಕಿಲೋ ಸಿಗಡಿ, ಒಂದು ಕಿಲೋ ಬೊಂಡಾಸ, ಒಂದೂಮುಕ್ಕಾಲು ಕಿಲೋ ಬಂಗುಡೆ ತಂದೆ. ತಲೆ, ಸಿಪ್ಪೆ ತೆಗೆದ ಮೇಲೆ ಸಿಗಡಿ ಮುಕ್ಕಾಲು ಕಿಲೋ ಚಿಲ್ಲರೆಗೆ ಇಳೀತು, ಅಕ್ಕನ ಲೆಕ್ಕ ನೆನಪಾಯ್ತು. ಕಡ್ಡಿಗೆ ಎರಡೇ ಪೋಣಿಸಿದೆ. ಮಜ್ಜಿಗೆ ಹುಲ್ಲು ಕೆಳಗಿನ ಮನೆ ಅಜ್ಜಿ ಕುಂಡದಲ್ಲಿತ್ತು, ಅವರು ಕಷಾಯಕ್ಕೆ ಬೆಳೆಸಿದ್ದು. ಮೀನು ಸುತ್ತೋಕೆ ಅಂತ ಹೇಳೋಕೆ ಧೈರ್ಯ ಬರಲಿಲ್ಲ.

ಲಿಲಿತ್ ಮೊದಲ ನಾಲ್ಕು ಕಡ್ಡಿ ಉದುರಿಹೋದವು. ಕಾವಲಿಗೆ ಇಟ್ಟ ಕೂಡಲೇ ತಿರುಗಿಸೋಕೆ ಹೋಗಿದ್ದೆ. ಅದಾಗೇ ಬಿಟ್ಟುಕೊಳ್ಳೋವರೆಗೆ ಕಾದೆ, ಆಮೇಲೆ ಒಂದೂ ಮುರೀಲಿಲ್ಲ. ಸಿಗಡಿ ಎರಡೂವರೆ ನಿಮಿಷ, ಗಡಿಯಾರ ಹಿಡಿದು ನಿಂತಿದ್ದವನು ಮಗ. ಹಸಿರು ಸಾಸ್ ಮೊದಲು ಖಾಲಿ. ಕಡ್ಲೆಬೀಜದ್ದು ಅರ್ಧ ಪಾತ್ರೆ ಉಳೀತು, ಕನ್ನಡತಿ ಅವರ ಅಭಿಪ್ರಾಯಕ್ಕೆ 22 ವೋಟು. ಬೊಂಡಾಸ ಮಾತ್ರ ಎರಡನೇ ಸರದೀಲಿ ಯಾರೋ ಫೋನ್ ಮಾಡಿದರು ಅಂತ ಒಂದು ನಿಮಿಷ ಹೆಚ್ಚು ಬಿಟ್ಟೆ. ಚಪ್ಪಲಿ.

ಕೋಡಿ_ಅಕ್ಕ · ಬೆಳಿಗ್ಗೆ 11:44

ಉಳಿದ ಸಾಸ್ ಎಂತ ಮಾಡಿದ್ರಿ? ಚೆಲ್ಲುದಿಲ್ಲೆ ಅಲ್ದಾ?

ಬಾಲ್ಕನಿ_ಬಾಣಸಿಗ · ಬೆಳಿಗ್ಗೆ 11:47

ಈಗ ಅದರ ಜೊತೆ ನೀರ್ ದೋಸೆ ತಿಂತಾ ಇದ್ದೀನಿ ಅಕ್ಕಾ. ಆರನೇದು.